ಚಿತ್ರದ ಜತೆಗೇ ಬರವಣಿಗೆ ಕಲಿಸಿ

ಪ್ರಾಥಮಿಕ ತರಗತಿಗಳಲ್ಲಿ ‘ನನ್ನ ಪರಿಚಯ’ ಬರೆಸುವಾಗ ಮಕ್ಕಳು ಅನೇಕ ಕಡೆ ಕರಿಹಲಗೆಯ ವಾಕ್ಯಗಳನ್ನೇ ನಕಲು ಮಾಡುತ್ತಾರೆ. ಬದಲಾಗುವುದು ಹೆಸರು, ಊರು ಮಾತ್ರ. ಮಗು ಕನ್ನಡಿ ನೋಡಿ ತನ್ನ ಮುಖ ಬಿಡಿಸಿ, ಆಮೇಲೆ ಬರೆದರೆ ಗುಂಗುರು ಕೂದಲು, ಗಲ್ಲದ ಮಚ್ಚೆ, ಬಿದ್ದ ಹಲ್ಲು ಎಲ್ಲವೂ ಅದರದೇ ವಾಕ್ಯಗಳಾಗುತ್ತವೆ. ಪಾಠ ಮುಗಿಸಲು ಸಮಯವಿಲ್ಲ ಎನ್ನಬಹುದು. ಆದರೆ ಇದೂ ಭಾಷಾ ಪಾಠವೇ. ಚಿತ್ರಕಲಾ ಶಿಕ್ಷಕರಿಲ್ಲ ಎನ್ನಬಹುದು. ಆದರೆ ಇಲ್ಲಿ ಚಿತ್ರದ ಅಂದಕ್ಕಿಂತ ಮಗು ಗಮನಿಸಿದ್ದು ಮುಖ್ಯ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿ ಕಾರ್ಯಕ್ರಮವು ಚಟುವಟಿಕೆಯ ಮೂಲಕ ಕಲಿಸುವ ದಾರಿ ತೋರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆ ಬೆರೆತ ಕಲಿಕೆಗೆ ಒತ್ತು ನೀಡಿದೆ. ಶಿಕ್ಷಣ ಇಲಾಖೆಯು ವರ್ಷಕ್ಕೆರಡು ಬಾರಿ ಚಿತ್ರ ಬಿಡಿಸಿ ಬರೆಯುವ ಈ ಚಟುವಟಿಕೆ ಮಾಡಿಸಿ, ಹಾಳೆಗಳನ್ನು ಮಗುವಿನ ಕೃತಿ ಸಂಪುಟದಲ್ಲಿ ಇಡಲು ಶಾಲೆಗಳಿಗೆ ಸೂಚಿಸಲಿ.

– ಓರ್ವ ಓದುಗ, ಮೈಸೂರು