ಬಾಡಿಗೆಯ ಮನೆ: ತಿಂಗಳ ಆದಾಯವೋ, ಮುಂದಿನ ಬೆಲೆಯೋ?



ಶಿರಾಲಿಯ ಹಿರಿಯ ದಂಪತಿಗಳು ಪತ್ರ ಬರೆದು ನಮ್ಮ ಅಭಿಪ್ರಾಯ ಕೇಳಿದ್ದಾರೆ. ನಿವೃತ್ತಿಯಿಂದ ಬಂದ 20 ಲಕ್ಷ ರೂಪಾಯಿ ಕೈಯಲ್ಲಿದೆ. ಮಗನ ಹೆಸರಿನಲ್ಲಿ ಇನ್ನೂ 20 ಲಕ್ಷ ಸಾಲ ಮಾಡಿ, ಹೆದ್ದಾರಿಯ ಸಮೀಪ 40 ಲಕ್ಷದ ಹಂಚಿನ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಡಬೇಕೆಂಬುದು ಅವರ ಆಲೋಚನೆ. ಮುರ್ಡೇಶ್ವರ ಹತ್ತಿರವಿರುವುದರಿಂದ ಬೆಲೆ ಏರುವುದು ನಿಶ್ಚಯವೆಂದು ದಲ್ಲಾಳಿ ಹೇಳಿದ್ದಾನಂತೆ. ದಲ್ಲಾಳಿಗಳು ಬೇರೆ ಏನನ್ನು ತಾನೇ ಹೇಳುತ್ತಾರೆ!

ಮೊದಲು ಲೆಕ್ಕ ನೋಡೋಣ. ತಿಂಗಳಿಗೆ 10,000 ಬಾಡಿಗೆ ಎಂದರೆ ವರ್ಷಕ್ಕೆ 1,20,000. ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವುದು, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಸರಳುಗಳಿಗೆ ಬಣ್ಣ, ಪಂಚಾಯತಿ ತೆರಿಗೆ, ಬಾಡಿಗೆದಾರರಿಗೆ ವರ್ಗವಾಗಿ ಮನೆ ಖಾಲಿ ಬೀಳುವ ಒಂದು ತಿಂಗಳು, ಇವೆಲ್ಲಕ್ಕೂ 35,000 ಕಳೆಯಿರಿ. ಉಳಿಯುವುದು 85,000; ಹೂಡಿದ ಹಣಕ್ಕೆ ಶೇಕಡಾ ಎರಡಕ್ಕಿಂತ ತುಸು ಹೆಚ್ಚು. ಸಾಲವೋ, ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 17,350. ಪ್ರತಿ ತಿಂಗಳೂ ಮಗನ ಸಂಬಳದಿಂದ ಹತ್ತು ಸಾವಿರಕ್ಕೂ ಮಿಕ್ಕಿ ತುಂಬಬೇಕಾಗುವುದು. ಅವನಿಗೂ ಮಕ್ಕಳ ಶಾಲೆಯಿದೆ.

ಬೆಲೆ ಏರಲಾರದೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಶೇ. 6ರಂತೆ ಏರಿದರೂ ಹತ್ತು ವರ್ಷಕ್ಕೆ 40 ಲಕ್ಷ 71 ಲಕ್ಷವಾದೀತು. ಆದರೆ ನೆಲದ ಬೆಲೆ ಏರುವುದು ರೈಲು, ರಸ್ತೆಗಳು ಬಂದಾಗ. ಪ್ರತಿ ವರ್ಷ ಒಂದೇ ಸಮನಲ್ಲ. ಕೊಂಕಣ ರೈಲು ಲೋಕಾರ್ಪಣೆಯಾದದ್ದು 1998ರಲ್ಲಿ. ಹಳೆಯ 17ನೆಯ ಹೆದ್ದಾರಿ 66ನೆಯದಾಗಿ ಅಗಲವಾದಾಗ ರಸ್ತೆಬದಿಯ ಎಷ್ಟೋ ಅಂಗಳಗಳೇ ಹೋದವು. ಮೇಲಾಗಿ, ಏರಿದ ಬೆಲೆ ಮಾರುವವರೆಗೆ ಕೈಗೆ ಬಾರದು. ಒಂದು ಕೋಣೆಯನ್ನು ಮಾರಿ ಔಷಧ ತರಲಾದೀತೇ? ಮಾರಿದಾಗಲೂ ಲಾಭದ ಮೇಲೆ, 2024ರ ಜುಲೈ ನಂತರದ ನಿಯಮದಂತೆ, ಶೇ. 12.5 ತೆರಿಗೆಯುಂಟು.

ಆಯ್ದಕ್ಕಿ ಲಕ್ಕಮ್ಮನವರ ಕಥೆ ಬಲ್ಲ ನಮ್ಮ ಮನೆಗಳಲ್ಲಿ ಬಾಡಿಗೆಯೂ ಕಾಯಕವೇ ಎಂಬ ಪ್ರಶ್ನೆ ಏಳುವುದು ಸಹಜ. ಸೋರದ ಮಾಡು, ಬತ್ತದ ಬಾವಿ ಒದಗಿಸಿ ನ್ಯಾಯವಾದ ಬಾಡಿಗೆ ಪಡೆಯುವುದು ಕಾಯಕವೇ ಸರಿ. ಬೀಗ ಜಡಿದು ಬೆಲೆಗಾಗಿ ಕಾಯುವುದನ್ನು ಮಾತ್ರ ನಾವು ಹಾಗೆ ಕರೆಯಲಾರೆವು.

ಮೂವತ್ತರ ಪ್ರಾಯದ, ಸ್ಥಿರ ಸಂಬಳದ, ಆರು ತಿಂಗಳ ಕಂತು ಕೂಡಿಟ್ಟುಕೊಂಡವರು ಬೆಲೆಯೇರಿಕೆಯನ್ನು ನಂಬಬಹುದು. ಅರವತ್ತು ದಾಟಿದವರಿಗೆ ಬೇಕಾದದ್ದು ತಿಂಗಳ ಖರ್ಚಿನ ಹಣ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2025ರಲ್ಲಿದ್ದ ಶೇ. 8.2ರ ದರದಂತೆ 20 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 41,000 ಬರುತ್ತದೆ. ಆದುದರಿಂದ ಈ ದಂಪತಿಗಳು ಸಾಲದ ಮನೆಗೆ ಕೈಹಾಕದಿರುವುದೇ ಲೇಸು. ಬಾಡಿಗೆಯ ಆಸೆ ಬಿಡದಿದ್ದರೆ, ತಾವಿರುವ ಮನೆಯ ಹಿಂಬದಿಗೆ ಪ್ರತ್ಯೇಕ ಬಾಗಿಲು, ಬಚ್ಚಲು ಮಾಡಿಸಿ ಹನ್ನೊಂದು ತಿಂಗಳ ಕರಾರಿನ ಮೇಲೆ ಕೊಡಲಿ.

ಆದರೂ ಕೊಳ್ಳುವೆವೆಂದರೆ ಪಂಚಾಯತಿಯ ಇ-ಸ್ವತ್ತು ದಾಖಲೆ ನೋಡಿರಿ. ಹೊಳೆ, ಕಡಲುಗಳ ಬದಿಯಾದರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹಾದಿದೆಯೆಂದು ಮುಂಗಡ ಕೊಡುವ ಮೊದಲೇ ವಿಚಾರಿಸಿರಿ.