ಮಳೆಯ ಮೇಲೆ ಹೊರಿಸಿದ ಅಪರಾಧ

2018ನೆಯ ಇಸವಿಯ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದು ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮುಂತಾದ ಊರುಗಳ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದುವು. 2020ರಲ್ಲಿ ತಲಕಾವೇರಿಯ ಸನ್ನಿಧಿಯಲ್ಲಿಯೇ ಬೆಟ್ಟವು ಕುಸಿದು ಅರ್ಚಕರ ಮನೆಯನ್ನು ನುಂಗಿತು. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ನಡುರಾತ್ರಿ ಇಳಿದು ಬಂದ ಮಣ್ಣುಕಲ್ಲುಗಳಿಗೆ ನೂರಾರು ಜನರು ಬಲಿಯಾದರು. ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಎರಡು ಮಾತುಗಳು ಕೇಳಿಬರುತ್ತವೆ. ‘ಮಲೆನಾಡಿಗೆ ಮಳೆಯೇನು ಹೊಸತೆ? ಎಲ್ಲವೂ ದೈವೇಚ್ಛೆ’ ಎಂಬುದೊಂದು. ‘ಭೂಮಂಡಲವೇ ಕಾಯುತ್ತಿರುವಾಗ ಒಂದು ಜಿಲ್ಲೆಯವರಿಂದ ಆಗುವುದೇನು?’ ಎಂಬುದಿನ್ನೊಂದು. ಮೊದಲನೆಯದು ಅಜ್ಞಾನದ ಮಾತು. ಎರಡನೆಯದು ವಿಜ್ಞಾನದ ವೇಷವನ್ನು ಧರಿಸಿದ ಜಾರಿಕೆಯ ಮಾತು.

ಮಳೆಯು ಹಿಂದಿನಂತೆಯೇ ಇದೆಯೆಂಬುದು ಸುಳ್ಳು. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯಂತೆ, 1951ರಿಂದ 2015ರ ವರೆಗೆ ದೇಶದ ಮುಂಗಾರು ಮಳೆಯು ಸುಮಾರು ಶೇಕಡಾ 6ರಷ್ಟು ತಗ್ಗಿದೆ. ಹಾಗೆ ತಗ್ಗಿದ ಸೀಮೆಗಳಲ್ಲಿ ಪಶ್ಚಿಮಘಟ್ಟವೂ ಒಂದು. ಅದೇ ಅವಧಿಯಲ್ಲಿ ಹಿಂದೂ ಮಹಾಸಾಗರದ ಉಷ್ಣವಲಯದ ನೀರು ಸುಮಾರು 1 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿದೆ. ಗಾಳಿಯು 1 ಡಿಗ್ರಿ ಕಾದರೆ ಅದು ಧರಿಸಬಲ್ಲ ನೀರಾವಿಯು ಸುಮಾರು ಶೇಕಡಾ 7ರಷ್ಟು ಹೆಚ್ಚುವುದು. ಆದಕಾರಣ ಒಟ್ಟು ಮಳೆ ಕುಗ್ಗಿದಾಗಲೂ ಸುರಿಯುವ ದಿನ ಅದು ಹೆಚ್ಚು ಬಿರುಸಾಗಿ ಸುರಿಯಬಲ್ಲದು. ವಯನಾಡಿನ ಆ ಒಂದು ದಿನದ ಮಳೆಯು ಹವಾಮಾನದ ಬದಲಾವಣೆಯಿಂದ ಸುಮಾರು ಶೇಕಡಾ 10ರಷ್ಟು ತೀವ್ರವಾಯಿತೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಗಣಿಸಿತು.

ಹಾಗಾದರೆ ಅಪರಾಧವೆಲ್ಲ ಆಕಾಶದ್ದೆ? ಕೊಡಗಿನ ಕುಸಿತಗಳನ್ನು ಪರೀಕ್ಷಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು, ರಸ್ತೆ ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಕಡಿದುದನ್ನು ಮುಖ್ಯವಾಗಿ ಎತ್ತಿ ತೋರಿಸಿತು. ಬುಡವನ್ನು ಕಡಿಸಿಕೊಂಡ ಗುಡ್ಡವು ಆಧಾರವನ್ನು ಕಳೆದುಕೊಳ್ಳುತ್ತದೆ. ತೋಡುಗಳನ್ನು ಮುಚ್ಚಿದರೆ ನೀರು ಮಣ್ಣಿನೊಳಗೇ ತುಂಬಿ ಅದರ ಹಿಡಿತವನ್ನು ಸಡಿಲಿಸುತ್ತದೆ. ಇವು ಕೈಯಾರೆ ಮಾಡಿದ ಕೆಲಸಗಳು. ಇವಕ್ಕೆ ಸಮುದ್ರವು ಹೊಣೆಯಲ್ಲ.

ಎಚ್ಚರಿಕೆಯೇನೂ ತಡವಾಗಿ ಬಂದುದಲ್ಲ. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೇ ವರದಿಯನ್ನೊಪ್ಪಿಸಿತು. ಅದು ಕಠಿನವೆನಿಸಿದುದರಿಂದ ಕಸ್ತೂರಿರಂಗನ್ ಸಮಿತಿಯು ನೇಮಕವಾಗಿ 2013ರಲ್ಲಿ ಮೃದುವಾದ ಇನ್ನೊಂದು ವರದಿಯನ್ನು ಕೊಟ್ಟಿತು. ಅದನ್ನೂ ಕರ್ನಾಟಕದ ಮಂತ್ರಿಮಂಡಲವು 2024ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ವಯನಾಡಿನ ದುರಂತವು ಕಳೆದು ಆಗ ಎರಡು ತಿಂಗಳೂ ತುಂಬಿರಲಿಲ್ಲ! ಬದುಕಿಗೆ ಸಂಚಕಾರ ಬಂದೀತೆಂಬ ಸಣ್ಣ ಹಿಡುವಳಿದಾರರ ಭಯವು ನಿಜವಾದುದು, ಗೌರವಿಸತಕ್ಕದ್ದು. ಆದರೆ ಗಾಡ್ಗೀಳರ ವರದಿಯು ಗ್ರಾಮಸಭೆಗಳನ್ನು ಕೇಳಿಯೇ ಎಲ್ಲೆಗಳನ್ನು ನಿರ್ಣಯಿಸಬೇಕೆಂದಿತ್ತು. ಆ ಸಭೆಗಳಲ್ಲಿ ವರದಿಯನ್ನು ತಿಳಿಗನ್ನಡದಲ್ಲಿ ಓದಿ ಹೇಳಿದವರೆಷ್ಟು ಮಂದಿ? ಬಡವರ ಭಯವನ್ನು ಮುಂದಿಟ್ಟು, ಅದರ ಮರೆಯಲ್ಲಿ ಕಲ್ಲುಗಣಿಗಳನ್ನೂ ವಿಹಾರಧಾಮಗಳನ್ನೂ ರಕ್ಷಿಸಿಕೊಂಡವರೇ ಹೆಚ್ಚು.

ಸಮುದ್ರವನ್ನು ತಣಿಸುವುದು ಒಂದು ಜಿಲ್ಲೆಯಿಂದಾಗದು, ನಿಜ. ಇಳಿಜಾರನ್ನು ನೆಟ್ಟಗೆ ಕಡಿಯದಿರುವುದು, ತೋಡನ್ನು ಮುಚ್ಚದಿರುವುದು, ಬಿರುಕು ಕಂಡ ಗುಡ್ಡದ ಕೆಳಗೆ ಮನೆಗೆ ಪರವಾನಗಿ ಕೊಡದಿರುವುದು ಜಿಲ್ಲೆಯವರಿಂದಲೇ ಆಗತಕ್ಕ ಕೆಲಸ. ಮಳೆಯು ಬಿರುಸಾದಷ್ಟೂ ಬೆಟ್ಟದ ಮೇಲಿನ ಅಚಾತುರ್ಯದ ಬೆಲೆ ಏರುವುದು; ಅದನ್ನು ತೆರುವವರು ಮಾತ್ರ ಬೆಟ್ಟವನ್ನು ಕಡಿಸಿದವರಲ್ಲ, ಅದರ ಬುಡದಲ್ಲಿ ಮಲಗಿದವರು.