ಪಳಗಿದ ತಂತ್ರವಿದ್ಯೆ, ಹೊಸ ಉಪಯೋಗ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಮನುಷ್ಯಸ್ವಭಾವದ ಒಂದು ದೌರ್ಬಲ್ಯವನ್ನು ಚೆನ್ನಾಗಿ ತೋರಿಸುತ್ತದೆ. ಕೈಗೆ ಸುಲಭವಾಗಿ ಎಟಕುವ ವಸ್ತುವಿನಲ್ಲಿ ನಮಗೆ ಆದರವಿಲ್ಲ. ದೂರದ್ದು, ದುಬಾರಿಯಾದದ್ದು, ನಿನ್ನೆ ತಾನೆ ಮಾರುಕಟ್ಟೆಗೆ ಬಂದದ್ದು, ಇವುಗಳ ಮೇಲೆಯೇ ನಮ್ಮ ಕಣ್ಣು. ವಿಜ್ಞಾನವನ್ನು ವ್ಯಾಸಂಗ ಮಾಡುವ ತರುಣರಲ್ಲಿಯೂ ಈ ದೌರ್ಬಲ್ಯವು ಬೇರೂರುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಅತ್ಯಾಧುನಿಕ ಗಣಕಯಂತ್ರವಿಲ್ಲದೆ, ಬೆಲೆಬಾಳುವ ಸಲಕರಣೆಗಳಿಲ್ಲದೆ ಹೊಸದೇನನ್ನೂ ನಿರ್ಮಿಸಲಾಗದೆಂದು ಕೈಕಟ್ಟಿ ಕುಳಿತುಕೊಳ್ಳುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಈ ಭಾವನೆಯು ತಪ್ಪೆಂಬುದೇ ನಮ್ಮ ಮತ. ಇದಕ್ಕೆ ನಿದರ್ಶನವಾಗಿ ಜಪಾನಿನ ವಿಡಿಯೊ ಆಟಗಳ ನಿರ್ಮಾಪಕರಾಗಿದ್ದ ಗುನ್ಪೇ ಯೊಕೊಯಿಯವರ ಜೀವನವನ್ನು ವಾಚಕರ ಮುಂದಿಡಬಯಸುತ್ತೇವೆ. ಆಟಿಕೆಯ ಮಾತು ವಿಜ್ಞಾನದ ಪತ್ರಿಕೆಗೇಕೆಂದು ಯಾರಾದರೂ ಹುಬ್ಬೇರಿಸಿದರೆ, ಕಡೆಯವರೆಗೆ ಓದಿ ಆಮೇಲೆ ತೀರ್ಪು ಹೇಳಬೇಕೆಂದು ಅವರನ್ನು ಕೋರುತ್ತೇವೆ.

ಯೊಕೊಯಿಯವರು ಹುಟ್ಟಿದ್ದು 1941ರಲ್ಲಿ, ಕ್ಯೋಟೋ ನಗರದಲ್ಲಿ. ಅಲ್ಲಿಯ ದೋಶಿಶಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುನ್ಮಾನ ಶಾಸ್ತ್ರವನ್ನು ಕಲಿತು, 1965ರಲ್ಲಿ ಅದೇ ಊರಿನ ನಿಂಟೆಂಡೊ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಇಂದು ಜಗತ್ಪ್ರಸಿದ್ಧವಾಗಿರುವ ಆ ಸಂಸ್ಥೆಯು 1889ರಲ್ಲಿ ಸ್ಥಾಪಿತವಾದುದು ಹನಫುದ ಎಂಬ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸುವುದಕ್ಕಾಗಿ. ಎಲೆಗಳನ್ನು ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿಯವರ ಕೆಲಸವಾಗಿತ್ತು. ಪದವೀಧರನಾದವನಿಗೆ ಇದೇನು ದೊಡ್ಡ ಹುದ್ದೆಯಲ್ಲ. ಬಿಡುವಿನ ವೇಳೆಯಲ್ಲಿ ಅವರು ಅಡ್ಡಡ್ಡವಾಗಿ ಕೀಲಿಸಿದ ಪಟ್ಟಿಗಳಿಂದ ಒಂದು ನೀಳವಾದ ಕೈಯನ್ನು ಮಾಡಿಕೊಂಡರು. ಹಿಡಿಯನ್ನು ಒತ್ತಿದರೆ ಅದು ಮುಂದಕ್ಕೆ ಚಾಚಿ ದೂರದ ವಸ್ತುವನ್ನು ಇಕ್ಕುಳದಂತೆ ಹಿಡಿಯುತ್ತಿತ್ತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಹಿರೋಶಿ ಯಮಾವುಚಿಯವರ ಕಣ್ಣಿಗೆ ಇದು ಬಿದ್ದಿತು. ಅವರು ಗದರಿಸಲಿಲ್ಲ, ಇದನ್ನೇ ಮಾರಾಟದ ಆಟಿಕೆಯನ್ನಾಗಿ ಮಾಡೆಂದು ಅಪ್ಪಣೆ ಕೊಟ್ಟರು. 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಿಂದ ಹೊರಬಂದ ಆ ಆಟಿಕೆಯು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದರಲ್ಲಿ ಸನ್ನೆ ಮತ್ತು ಕೀಲುಗಳ ತತ್ತ್ವವನ್ನು ಬಿಟ್ಟರೆ ಬೇರೇನೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮುಂದಿನ ಆಟಿಕೆಗಳಲ್ಲಿಯೂ ಇದೇ ಜಾಡು ಕಾಣುತ್ತದೆ. 1969ರ ‘ಲವ್ ಟೆಸ್ಟರ್’ ಎಂಬುದನ್ನು ತೆಗೆದುಕೊಳ್ಳೋಣ. ಒಬ್ಬ ತರುಣನೂ ಒಬ್ಬ ತರುಣಿಯೂ ಪರಸ್ಪರ ಕೈಹಿಡಿದು, ಬಿಡುವಾಗಿರುವ ಕೈಗಳಲ್ಲಿ ಲೋಹದ ಗುಂಡುಗಳನ್ನು ಹಿಡಿದುಕೊಂಡರೆ ಮುಳ್ಳೊಂದು ಅವರ ಪ್ರೇಮದ ಪ್ರಮಾಣವನ್ನು ಸೂಚಿಸುತ್ತಿತ್ತು! ನಿಜವಾಗಿ ಅಲ್ಲಿ ಅಳೆಯಲ್ಪಡುತ್ತಿದ್ದುದು ಇಬ್ಬರ ಶರೀರಗಳ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತು. ಅಂಗೈ ಬೆವರಿದರೆ ಚರ್ಮದ ರೋಧ ಕಡಿಮೆಯಾಗಿ ಮುಳ್ಳು ಮುಂದಕ್ಕೆ ಓಡುತ್ತದೆ. ನಮ್ಮ ಪ್ರೌಢಶಾಲೆಗಳ ಪ್ರಯೋಗಾಲಯಗಳಲ್ಲಿ ಧೂಳು ಹಿಡಿದು ಬಿದ್ದಿರುವ ವಿದ್ಯುನ್ಮಾಪಕಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಆದರೆ ಅದನ್ನು ಆಟವನ್ನಾಗಿ ಕಾಣುವ ಕಣ್ಣು ಬೇಕಾಗಿತ್ತು.

ಯೊಕೊಯಿಯವರು ತಮ್ಮ ಈ ಪದ್ಧತಿಗೆ ಒಂದು ಹೆಸರನ್ನೇ ಇಟ್ಟಿದ್ದರು. ಜಪಾನೀ ಮಾತಿನ ಶಬ್ದಾರ್ಥವನ್ನು ಹಿಡಿದರೆ ‘ಬಾಡಿದ ತಂತ್ರವಿದ್ಯೆಯ ಅಡ್ಡಚಿಂತನೆ’ ಎಂದಾಗುತ್ತದೆ. ಇಲ್ಲಿ ಬಾಡಿದ್ದೆಂದರೆ ಕೆಲಸಕ್ಕೆ ಬಾರದ್ದೆಂದು ಅರ್ಥವಲ್ಲ. ಬಹುಕಾಲ ಬಳಕೆಯಲ್ಲಿದ್ದು, ಗುಣದೋಷಗಳೆಲ್ಲ ಗೊತ್ತಾಗಿ, ಬೆಲೆಯೂ ಇಳಿದಿರುವ ವಿದ್ಯೆಯೆಂದು ಅರ್ಥ. ಕನ್ನಡದಲ್ಲಿ ಇದನ್ನು ಪಳಗಿದ ತಂತ್ರವಿದ್ಯೆಯೆನ್ನಬಹುದು. ಅಡ್ಡಚಿಂತನೆಯೆಂದರೆ, ಒಂದು ಕೆಲಸಕ್ಕಾಗಿ ಹುಟ್ಟಿದ ವಿದ್ಯೆಯನ್ನು ಯಾರೂ ಎಣಿಸದಿದ್ದ ಬೇರೊಂದು ಕೆಲಸಕ್ಕೆ ತಿರುಗಿಸುವುದು.

ಈ ಪದ್ಧತಿಯ ಫಲವನ್ನು ಜಗತ್ತು ಮೊದಲು ಕಂಡದ್ದು 1980ರಲ್ಲಿ. ಆ ಹೊತ್ತಿಗೆ ಜಪಾನಿನ ಕಾರ್ಖಾನೆಗಳು ಪರಸ್ಪರ ಪೈಪೋಟಿಯಿಂದ ಜೇಬಿನ ಕ್ಯಾಲ್ಕುಲೇಟರುಗಳನ್ನು ತಯಾರಿಸಿ, ಅವುಗಳ ಬೆಲೆಯನ್ನು ಪಾತಾಳಕ್ಕೆ ಇಳಿಸಿದ್ದವು. ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದ ಒಬ್ಬಾತನು ಬೇಸರ ಕಳೆಯಲು ತನ್ನ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದುದನ್ನು ಯೊಕೊಯಿಯವರು ಕಂಡರು. ಅದೇ ಬಗೆಯ ಫಲಕದಲ್ಲಿ ಅಂಕೆಗಳ ಬದಲು ಬೊಂಬೆಗಳನ್ನು ಮೂಡಿಸಿದರೆ ಹೇಗೆ? ‘ಗೇಮ್ ಅಂಡ್ ವಾಚ್’ ಎಂಬ ಪುಟ್ಟ ಆಟದ ಪೆಟ್ಟಿಗೆಯು ಹೀಗೆ ಹುಟ್ಟಿತು.

ಕ್ಯಾಲ್ಕುಲೇಟರಿನ ಫಲಕದಲ್ಲಿರುವುದು ದ್ರವಸ್ಫಟಿಕ. ಎರಡು ಗಾಜುಗಳ ನಡುವೆ ಇರುವ ಈ ದ್ರವದ ಅಣುಗಳು ತಿರುಚಿದ ಏಣಿಯ ಮೆಟ್ಟಿಲುಗಳಂತೆ ಜೋಡಣೆಗೊಂಡು, ಧ್ರುವೀಕರಣಗೊಂಡ ಬೆಳಕನ್ನು ತಮ್ಮೊಡನೆ ತಿರುಗಿಸುತ್ತವೆ. ಅಲ್ಪ ವಿದ್ಯುತ್ತನ್ನು ಸೋಕಿಸಿದೊಡನೆಯೇ ಆ ತಿರುಚು ಬಿಚ್ಚಿಕೊಂಡು, ಬೆಳಕಿಗೆ ದಾರಿ ಕಟ್ಟಿ, ಆ ಭಾಗ ಕಪ್ಪಾಗಿ ಕಾಣುತ್ತದೆ. ಫಲಕವು ತಾನೇ ಬೆಳಕನ್ನು ಬೀರುವುದಿಲ್ಲವಾದ್ದರಿಂದ ಅದಕ್ಕೆ ಬೇಕಾಗುವ ವಿದ್ಯುತ್ತು ತೀರ ಸ್ವಲ್ಪ. ಯೊಕೊಯಿಯವರ ಆಟದಲ್ಲಿ ಬೊಂಬೆಯ ಒಂದೊಂದು ಭಂಗಿಯನ್ನೂ ಕಾರ್ಖಾನೆಯಲ್ಲಿಯೇ ಗಾಜಿನ ಮೇಲೆ ರೂಪಿಸಲಾಗಿತ್ತು. ಅವನ್ನು ಒಂದಾದಮೇಲೊಂದರಂತೆ ಕಪ್ಪಾಗಿಸಿದಾಗ ಬೊಂಬೆ ಚಲಿಸಿದಂತೆ ತೋರುತ್ತಿತ್ತು. ಗುಂಡಿಯಾಕಾರದ ಚಿಕ್ಕ ಬ್ಯಾಟರಿಗಳೇ ಇದಕ್ಕೆ ಸಾಕು. ಒಟ್ಟು ನಾಲ್ಕು ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಮಾರಾಟವಾದವು. 1982ರಲ್ಲಿ ಇದೇ ಮಾಲೆಯ ಒಂದು ಆಟಕ್ಕಾಗಿ ಅವರು ಕೂಡುಚಿಹ್ನೆಯ ಆಕಾರದ ಗುಂಡಿಯನ್ನು ರಚಿಸಿದರು. ಒಂದೇ ಹೆಬ್ಬೆರಳಿನಿಂದ, ನೋಡದೆಯೇ, ನಾಲ್ಕು ದಿಕ್ಕುಗಳನ್ನೂ ಸೂಚಿಸಬಲ್ಲ ಆ ಗುಂಡಿಯ ಸಂತತಿಯು ಇಂದಿಗೂ ವಿಡಿಯೊ ಆಟಗಳ ಹಿಡಿಗಳಲ್ಲಿ ಉಳಿದಿದೆ.

ಅವರ ತತ್ತ್ವಕ್ಕೆ ನಿಜವಾದ ಸತ್ವಪರೀಕ್ಷೆಯು ಒದಗಿದ್ದು 1989ರಲ್ಲಿ, ‘ಗೇಮ್ ಬಾಯ್’ ಹೊರಬಂದಾಗ. ಅದೇ ವರ್ಷ ಅಟಾರಿ ಸಂಸ್ಥೆಯೂ ಮರುವರ್ಷ ಸೇಗಾ ಸಂಸ್ಥೆಯೂ ಬಣ್ಣದ ಪರದೆಯುಳ್ಳ, ಹಿಂದಿನಿಂದ ದೀಪದ ಬೆಳಕು ಬೀಳುವ ಕೈಯಾಟಗಳನ್ನು ಮಾರುಕಟ್ಟೆಗೆ ತಂದವು. ಗೇಮ್ ಬಾಯ್ ಪರದೆಗೆ ಬಣ್ಣವಿರಲಿಲ್ಲ, ದೀಪವೂ ಇರಲಿಲ್ಲ. ಹಸಿರುಛಾಯೆಯ ಹಿನ್ನೆಲೆಯಲ್ಲಿ ನಾಲ್ಕೇ ಛಾಯೆಗಳು. ವೇಗವಾಗಿ ಓಡುವ ಚಿತ್ರಗಳು ಮಸುಕಾಗುತ್ತಿದ್ದವು. ನೋಟಕ್ಕೆ ಸೋಲು ಖಂಡಿತವೆಂದೇ ತೋರಬೇಕು. ಆದರೆ ಎದುರಾಳಿಗಳ ಪೆಟ್ಟಿಗೆಗಳು ಆರಾರು ಸೆಲ್ಲುಗಳನ್ನು ನಾಲ್ಕೈದು ಗಂಟೆಗಳಲ್ಲಿ ನುಂಗಿಬಿಡುತ್ತಿದ್ದರೆ, ಗೇಮ್ ಬಾಯ್ ನಾಲ್ಕು ಸೆಲ್ಲುಗಳಿಂದ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಜಪಾನಿನಲ್ಲಿ ಅದರ ಬೆಲೆ 12,500 ಯೆನ್; ಸೇಗಾ ಪೆಟ್ಟಿಗೆಯದು 19,800 ಯೆನ್. ಮಕ್ಕಳ ಕೈಯಿಂದ ಬಿದ್ದರೂ ಅದು ಸುಲಭವಾಗಿ ಕೆಡುತ್ತಿರಲಿಲ್ಲ. ಮುಂದೆ ಬಂದ ಬಣ್ಣದ ಗೇಮ್ ಬಾಯ್ ಸೇರಿದಂತೆ ಹನ್ನೊಂದು ಕೋಟಿಗೂ ಮಿಕ್ಕಿ ಪೆಟ್ಟಿಗೆಗಳು ಮಾರಾಟವಾದವು. 1993ರಲ್ಲಿ ರಷ್ಯದ ಗಗನಯಾತ್ರಿ ಸೆರೆಬ್ರೋವ್ ಅವರು ಗೇಮ್ ಬಾಯ್ ಒಂದನ್ನು ಮಿರ್ ಅಂತರಿಕ್ಷ ನಿಲ್ದಾಣಕ್ಕೂ ಕೊಂಡೊಯ್ದರು. ಚಿತ್ರದ ಸೊಗಸಿಗಿಂತ ಆಟದ ಸೊಗಸೂ, ಜೇಬಿನ ಅನುಕೂಲವೂ ಜನರಿಗೆ ಹೆಚ್ಚು ಬೇಕಾಗಿದ್ದವೆಂಬುದನ್ನು ಯೊಕೊಯಿಯವರು ಸರಿಯಾಗಿ ಅಳೆದಿದ್ದರು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಪಕ್ಷಪಾತಿಗಳಾದೇವು. 1995ರಲ್ಲಿ ಅವರು ‘ವರ್ಚುವಲ್ ಬಾಯ್’ ಎಂಬ ಇನ್ನೊಂದು ಯಂತ್ರವನ್ನು ಹೊರತಂದರು. ಕೆಂಪು ಎಲ್‌ಇಡಿ ದೀಪಗಳ ಒಂದು ಸಾಲನ್ನು ಕಂಪಿಸುವ ಕನ್ನಡಿಯ ಮೂಲಕ ಪ್ರತಿಯೊಂದು ಕಣ್ಣಿಗೂ ಬೇರೆಬೇರೆಯಾಗಿ ತೋರಿಸಿ, ಆಳವುಳ್ಳ ಚಿತ್ರದ ಭ್ರಮೆಯನ್ನು ಹುಟ್ಟಿಸುವ ಯಂತ್ರವದು. ಕೆಂಪು ದೀಪ, ಕನ್ನಡಿ, ಎರಡೂ ಪಳಗಿದ ವಸ್ತುಗಳೇ. ಆದರೂ ಅದು ಸೋತುಹೋಯಿತು. ಎಂಟು ಲಕ್ಷವೂ ಮಾರಾಟವಾಗಲಿಲ್ಲ. ಮೇಜಿನ ಮೇಲಿಟ್ಟು ಕತ್ತು ಬಗ್ಗಿಸಿ ನೋಡಬೇಕು. ಎಲ್ಲವೂ ಕೆಂಪು ಕಪ್ಪು. ಆಡಿದವರು ಕಣ್ಣು ನೋವು, ತಲೆನೋವೆಂದು ದೂರಿದರು. ವಸ್ತು ಪಳಗಿದ್ದಾಗಿದ್ದರೆ ಸಾಲದು, ಅದು ಬಳಸುವವನ ಕಣ್ಣಿಗೂ ಕೈಗೂ ಹಿತವಾಗಿರಬೇಕೆಂಬ ಪಾಠವನ್ನು ಈ ಸೋಲು ಕಲಿಸುತ್ತದೆ. ಗೇಮ್ ಬಾಯ್ ಗೆದ್ದದ್ದೂ ಇದೇ ಕಾರಣದಿಂದಲೇ ಅಲ್ಲವೆ?

1996ರಲ್ಲಿ ಯೊಕೊಯಿಯವರು ನಿಂಟೆಂಡೊವನ್ನು ಬಿಟ್ಟು ‘ಕೋತೋ’ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. 1997ರ ಅಕ್ಟೋಬರ್ 4ರಂದು, ಹೆದ್ದಾರಿಯ ಅಪಘಾತದಲ್ಲಿ ಮಡಿದರು. ಆಗ ಅವರಿಗೆ 56 ವರ್ಷ. ಅವರ ಕಡೆಯ ಕಾಣಿಕೆಯಾದ ‘ವಂಡರ್‌ಸ್ವಾನ್’ ಎಂಬ ಕೈಯಾಟವನ್ನು ಬಂಡಾಯ್ ಸಂಸ್ಥೆಯು 1999ರಲ್ಲಿ ಹೊರತಂದಿತು. ಅದು ನಡೆಯುತ್ತಿದ್ದುದು ಒಂದೇ ಒಂದು ಸಾಧಾರಣ ಸೆಲ್ಲಿನಿಂದ!

ಎಲ್ಲರೂ ಹಳೆಯದನ್ನೇ ಹಿಡಿದು ಕುಳಿತರೆ ಹೊಸತನ್ನು ಕಂಡುಹಿಡಿಯುವವರಾರೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. 1960ರ ದಶಕದಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ದ್ರವಸ್ಫಟಿಕದ ಫಲಕಗಳಿಗಾಗಿ ಶ್ರಮಿಸದಿದ್ದರೆ ಯೊಕೊಯಿಯವರಿಗೆ ತಿರುಗಿಸಿಕೊಳ್ಳಲು ಫಲಕವೇ ಇರುತ್ತಿರಲಿಲ್ಲ. ಮೂಲಸಂಶೋಧನೆಯನ್ನು ನಾವು ಕೀಳುಗಳೆಯುವುದಿಲ್ಲ. ಅದಕ್ಕೆ ಹಣವೂ ಕಾಲವೂ ಯಥೇಚ್ಛವಾಗಿ ದೊರೆಯಬೇಕು. ಆದರೆ ಕಂಡುಹಿಡಿದದ್ದು ಜನರ ಕೈಸೇರುವುದು, ಅದನ್ನು ಅಗ್ಗವಾಗಿಯೂ ಗಟ್ಟಿಯಾಗಿಯೂ ಬಳಸಬಲ್ಲ ಬುದ್ಧಿವಂತರಿಂದ. ಈ ಮಾತು ಆಟಿಕೆಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸಬಾರದು. 2021ರಲ್ಲಿ ಮಂಗಳಗ್ರಹದ ಮೇಲೆ ಇಳಿದ ‘ಪರ್ಸಿವಿಯರೆನ್ಸ್’ ವಾಹನದ ಗಣಕದ ಮಿದುಳು, 1990ರ ದಶಕದ ಒಂದು ಸಂಸ್ಕಾರಕವನ್ನು ವಿಕಿರಣಕ್ಕೆ ಜಗ್ಗದಂತೆ ತಿದ್ದಿ ಮಾಡಿದ್ದು. ರಿಪೇರಿಗೆ ಹೋಗಲಾಗದ ಸ್ಥಳಕ್ಕೆ ಪಳಗಿದ ವಸ್ತುವನ್ನೇ ಕಳುಹಿಸುವುದು ವಿವೇಕ.

ನಮ್ಮ ಬಹುಪಾಲು ವಿದ್ಯಾರ್ಥಿಗಳಿಗೆ ಹೊಚ್ಚಹೊಸ ಸಲಕರಣೆಗಳು ದೊರೆಯುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೆ ಮೂಲೆಗೆ ಬಿದ್ದ ರೇಡಿಯೊ, ಕೆಟ್ಟ ಗಡಿಯಾರ, ಹಳೆಯ ಕ್ಯಾಲ್ಕುಲೇಟರ್, ಉಪಯೋಗ ತೀರಿದ ಫೋನು ಯಾವ ಊರಿನಲ್ಲಿಲ್ಲ? ಹಿರಿಯರ ಅನುಮತಿ ಪಡೆದು, ಗೋಡೆಯ ವಿದ್ಯುತ್ತಿಗೆ ಕೈಹಾಕದೆ, ಬ್ಯಾಟರಿಯನ್ನು ಒಡೆಯದೆ, ಅವುಗಳಲ್ಲೊಂದನ್ನು ಬಿಚ್ಚಿ ನೋಡಿರಿ. ಯಾವ ಭಾಗ ಯಾವ ಕೆಲಸ ಮಾಡುತ್ತದೆ, ಏಕೆ ಹಾಗೆ ಮಾಡುತ್ತದೆಂಬುದನ್ನು ಪುಸ್ತಕದೊಡನೆ ಹೋಲಿಸಿ ತಿಳಿಯಿರಿ. ಅದು ಚೆನ್ನಾಗಿ ಮನದಟ್ಟಾದಮೇಲೆ, ಇದೇ ಭಾಗದಿಂದ ಮತ್ತಾವ ಕೆಲಸವನ್ನು ಮಾಡಿಸಬಹುದೆಂದು ಯೋಚಿಸಿರಿ. ಉಪಾಧ್ಯಾಯರೂ ಇಂಥ ಪ್ರಯತ್ನಗಳನ್ನು ಕಾಲಹರಣವೆಂದು ಗದರಿಸದೆ ಪ್ರೋತ್ಸಾಹಿಸಬೇಕೆಂದು ನಮ್ಮ ವಿನಂತಿ. ಬಿಡುವಿನ ವೇಳೆಯಲ್ಲಿ ಆಟಿಕೆ ಮಾಡಿದ ನೌಕರನನ್ನು ಯಮಾವುಚಿಯವರು ಅಂದು ಗದರಿಸಿ ಸುಮ್ಮನಾಗಿಸಿದ್ದರೆ, ಇಸ್ಪೀಟಿನ ಯಂತ್ರಗಳಿಗೆ ಎಣ್ಣೆ ಬಿಡುವುದರಲ್ಲಿಯೇ ಯೊಕೊಯಿಯವರ ಆಯುಷ್ಯವು ಕಳೆದುಹೋಗುತ್ತಿತ್ತು.